ಪಾಠದ ಆಚೆಗಿನ ಹತ್ತು ನಿಮಿಷ: ಆನ್‌ಲೈನ್ ಶಾಲೆಯ ಮಕ್ಕಳ ನಡುವೆ ಗೆಳೆತನ ಬೆಳೆಸಲು ಸಮಗ್ರ ಮಾರ್ಗದರ್ಶಿ

ಎರಡು ವರ್ಷ ಒಂದೇ ಆನ್‌ಲೈನ್ ತರಗತಿಯಲ್ಲಿ ಓದಿದ ಇಬ್ಬರು ಮಕ್ಕಳನ್ನು ಕೇಳಿ ನೋಡಿ. ಇನ್ನೊಬ್ಬನ ಹೆಸರು ಗೊತ್ತು, ಗಣಿತದಲ್ಲಿ ಜೋರು ಅನ್ನುವುದೂ ಗೊತ್ತು. ಅವನಿಗೆ ತಂಗಿ ಇದ್ದಾಳಾ, ಯಾವ ತಿಂಡಿ ಕಂಡರೆ ಆಗಲ್ಲ, ಯಾವ ಮಾತಿಗೆ ಸಿಟ್ಟು ಬರುತ್ತೆ ಅಂತ ಕೇಳಿದರೆ ಇಬ್ಬರೂ ತಲೆ ಕೆರೆದುಕೊಳ್ಳುತ್ತಾರೆ. ಮಾಮೂಲಿ ಶಾಲೆಯಲ್ಲಿ ಇದೆಲ್ಲ ತಾನಾಗಿ ಗೊತ್ತಾಗುತ್ತದೆ. ಬಸ್ಸಿನ ಸೀಟಿನಲ್ಲಿ, ಪ್ರಾರ್ಥನೆಯ ಸಾಲಿನಲ್ಲಿ, ನಲ್ಲಿಯ ಹತ್ತಿರ ಲೋಟಕ್ಕೆ ಕಾಯುವಾಗ, ಡಬ್ಬಿ ಬಿಚ್ಚಿದಾಗ. ಇದನ್ನೆಲ್ಲ ಯಾವ ಹೆಡ್ಮಾಸ್ಟರೂ ಯೋಜನೆ ಹಾಕಿ ಮಾಡಿಸಿದ್ದಲ್ಲ. ಶಾಲೆ ಪರದೆಗೆ ಬಂದಾಗ ನಾವು ಟೈಮ್‌ಟೇಬಲ್ಲನ್ನು ಮಾತ್ರ ತಂದೆವು. ಪೀರಿಯಡ್ಡುಗಳ ನಡುವೆ ಇದ್ದದ್ದು ಅಲ್ಲೇ ಉಳಿಯಿತು.

ಹಾಗಾಗಿ ಈ ಮಾರ್ಗದರ್ಶಿಯ ಮುಖ್ಯ ಮಾತು ಸಣ್ಣದು. ಅದೇ ನಾಲ್ಕೈದು ಮುಖಗಳನ್ನು ದಿನಾ ನೋಡುವ, ಯಾರೂ ಪಾಠ ಹೇಳದ ಸ್ವಲ್ಪ ಹೊತ್ತು ಮಕ್ಕಳಿಗೆ ಸಿಗಬೇಕು. ಅದನ್ನು ಟೈಮ್‌ಟೇಬಲ್ಲಿನಲ್ಲಿ ಬರೆದು ಇಡಬೇಕು. ತಿಂಗಳಿಗೊಮ್ಮೆ ‘ಫನ್ ಫ್ರೈಡೇ’ ಅಂತ ನೂರು ಮಕ್ಕಳನ್ನು ಒಂದು ಲಿಂಕಿಗೆ ಸೇರಿಸಿ ನಾಲ್ವರಿಂದ ಹಾಡು ಹೇಳಿಸಿದರೆ ಉಳಿದ ತೊಂಬತ್ತಾರು ಮಕ್ಕಳು ಪ್ರೇಕ್ಷಕರು. ಅದು ಕಾರ್ಯಕ್ರಮ, ಗೆಳೆತನಕ್ಕೆ ಅದರಿಂದ ಉಪಯೋಗ ಬಹಳ ಕಡಿಮೆ.

ಐದನೇ ತರಗತಿಯಿಂದ ಪಿಯುಸಿವರೆಗಿನ ಆನ್‌ಲೈನ್ ಶಾಲೆಗಳ ಶಿಕ್ಷಕರು, ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಮನೆಯಲ್ಲೇ ಓದಿಸುತ್ತಿರುವ ಪೋಷಕರು, ವಾರಾಂತ್ಯದಲ್ಲಿ ಹೊರದೇಶದ ಮಕ್ಕಳಿಗೆ ಕನ್ನಡ ಕಲಿಸುವವರು, ಎಲ್ಲರಿಗೂ ಇದು ಹೊಂದುತ್ತದೆ. ಇಪ್ಪತ್ತೈದು ಮೂವತ್ತು ಮಕ್ಕಳ ಒಂದು ತರಗತಿ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಇದು ಕೊರೊನಾ ತಂದ ಹೊಸ ಸಮಸ್ಯೆ ಅಂತ ತಿಳಿಯಬೇಡಿ. ಆಸ್ಟ್ರೇಲಿಯಾದ ಅಲಿಸ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 1951ರಲ್ಲೇ ‘ಸ್ಕೂಲ್ ಆಫ್ ದಿ ಏರ್’ ಶುರುವಾಯಿತು. ಮರುಭೂಮಿಯ ದನದ ಫಾರಂಗಳಲ್ಲಿ ಬೆಳೆಯುವ ಮಕ್ಕಳಿಗೆ ಫ್ಲೈಯಿಂಗ್ ಡಾಕ್ಟರ್ ವೈದ್ಯಸೇವೆಯ ರೇಡಿಯೋ ಮೂಲಕ ಪಾಠ. ಆ ಶಾಲೆಯ ಮಕ್ಕಳು ಹರಡಿಕೊಂಡಿರುವ ಪ್ರದೇಶ ಸುಮಾರು 13 ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಆರೂವರೆ ಪಟ್ಟಿಗೂ ಹೆಚ್ಚು. ಇವತ್ತು ರೇಡಿಯೋ ಹೋಗಿ ಉಪಗ್ರಹದ ಇಂಟರ್ನೆಟ್ ಬಂದಿದೆ. ಆದರೆ ಶಿಕ್ಷಕರು ಮಕ್ಕಳ ಮನೆಗೇ ಹೋಗಿ ಬರುವುದು, ವರ್ಷದಲ್ಲಿ ಕೆಲವು ಸಲ ಮಕ್ಕಳೆಲ್ಲ ಊರಿಗೆ ಬಂದು ಒಟ್ಟಿಗೆ ಕಲಿಯುವುದು ನಿಂತಿಲ್ಲ. ತಂತ್ರಜ್ಞಾನ ಎಷ್ಟು ಸಲ ಬದಲಾದರೂ ಅವರು ಬಿಡದೆ ಇಟ್ಟುಕೊಂಡದ್ದು ಇವೆರಡನ್ನು. ಕೆಳಗಿನ ಹಂತಗಳಲ್ಲಿ ಅದರ ನೆರಳು ಕಾಣಿಸುತ್ತದೆ.

ಹಂತ 1: ಮೊದಲು ನಕ್ಷೆ ಬರೆಯಿರಿ

ಯಾರಿಗೆ ಯಾರು ಗೆಳೆಯರು ಅಂತ ಶಿಕ್ಷಕರಿಗೆ ಗೊತ್ತಿರುತ್ತದೆ ಅನ್ನುವುದು ಆನ್‌ಲೈನ್‌ನಲ್ಲಿ ಬರೀ ಭ್ರಮೆ. ಜಾಸ್ತಿ ಮಾತಾಡುವ ಮಗುವಿಗೆ ಜಾಸ್ತಿ ಗೆಳೆಯರಿರಬೇಕೆಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಆ ಮಗು ಮಾತಾಡುವುದು ಮೇಡಂ ಜೊತೆ ಮಾತ್ರ.

ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಒಂದು ಸಣ್ಣ ಫಾರಂನಲ್ಲೋ ಫೋನಿನಲ್ಲೋ ಮೂರು ಪ್ರಶ್ನೆ ಕೇಳಿ. ‘ನಾಳೆ ಕ್ಲಾಸ್ ತಪ್ಪಿದರೆ ಹೋಮ್‌ವರ್ಕ್ ಏನು ಅಂತ ಯಾರನ್ನು ಕೇಳುತ್ತೀಯ?’ ‘ಒಂದು ತಮಾಷೆಯ ವಿಷಯ ಸಿಕ್ಕರೆ ಕ್ಲಾಸಿನಲ್ಲಿ ಯಾರಿಗೆ ಹೇಳಬೇಕು ಅನಿಸುತ್ತೆ?’ ‘ಯಾರ ಜೊತೆ ಇನ್ನೂ ಮಾತಾಡಿಲ್ಲ, ಮಾತಾಡಬೇಕು ಅಂತ ಆಸೆ ಇದೆ?’ ‘ಯಾರು ಇಷ್ಟ ಇಲ್ಲ’ ಅನ್ನುವ ಪ್ರಶ್ನೆ ಮಾತ್ರ ಕೇಳಲೇಬೇಡಿ. ಆ ಪ್ರಶ್ನೆ ಇಲ್ಲದ ಜಗಳವನ್ನು ಹುಟ್ಟಿಸುತ್ತದೆ.

ಈಗ ಒಂದು ದೊಡ್ಡ ಹಾಳೆಯಲ್ಲಿ ಎಲ್ಲರ ಹೆಸರಿಗೆ ಒಂದೊಂದು ಚುಕ್ಕಿ ಇಟ್ಟು, ಉತ್ತರಗಳ ಪ್ರಕಾರ ಬಾಣ ಎಳೆಯಿರಿ. ಜೇಕಬ್ ಮೊರೆನೊ ಎಂಬ ಮನೋವೈದ್ಯ ಇಂಥ ನಕ್ಷೆಗಳನ್ನು 1930ರ ದಶಕದಲ್ಲೇ ಶಾಲೆಗಳಲ್ಲಿ ಬಳಸಿದ್ದ. ಬಾಣಗಳು ಗುಂಪುಗೂಡಿರುವ ಕಡೆ ನಿಮ್ಮ ಕೆಲಸ ಕಡಿಮೆ. ಒಂದೂ ಬಾಣ ಬಾರದ ಚುಕ್ಕಿಗಳನ್ನು ನೋಡಿ. ಮೊದಲ ಪ್ರಶ್ನೆಗೆ ‘ಮಿಸ್‌ನ ಕೇಳ್ತೀನಿ’, ‘ಅಮ್ಮನ ಕೇಳ್ತೀನಿ’ ಅಂತ ಬರೆದವರನ್ನೂ ಗುರುತು ಹಾಕಿಕೊಳ್ಳಿ. ಮುಂದಿನ ಎಲ್ಲ ಹಂತಗಳೂ ಮೊದಲು ಇವರಿಗಾಗಿ.

ಈ ಹಾಳೆ ಮಕ್ಕಳ ಕಣ್ಣಿಗೂ ಪೋಷಕರ ಕಣ್ಣಿಗೂ ಬೀಳಬಾರದು. ಡ್ರೈವ್‌ನಲ್ಲಿ ಹಾಕಿ ಎಲ್ಲರಿಗೂ ತೆರೆದಿಟ್ಟರೆ ಮುಗಿಯಿತು ಕಥೆ. ಕಾಗದದಲ್ಲೇ ಇರಲಿ.

ಹಂತ 2: ಬಾಗಿಲು ತೆರೆಯುವ ಮೊದಲು ಕಾವಲು

ಮಕ್ಕಳಿಗೆ ಮಾತಾಡಲು ಜಾಗ ಕೊಡುತ್ತೇವೆ ಅಂದ ಮೇಲೆ ಆ ಜಾಗದ ಹೊಣೆ ನಮ್ಮದು. ಎಲ್ಲರೂ ಮಾಡುವ ಕೆಲಸವೆಂದರೆ ಒಂದು ವಾಟ್ಸಾಪ್ ಗ್ರೂಪ್ ಮಾಡಿ ಮಕ್ಕಳನ್ನು ಸೇರಿಸಿಬಿಡುವುದು. ಅಲ್ಲಿ ಎಲ್ಲರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ಅನೇಕ ಮನೆಗಳಲ್ಲಿ ಆ ನಂಬರ್ ಅಮ್ಮನದು. ವಾಟ್ಸಾಪ್ ಮತ್ತು ಡಿಸ್ಕಾರ್ಡ್ ಎರಡಕ್ಕೂ ಕನಿಷ್ಠ 13 ವರ್ಷ ಆಗಿರಬೇಕೆಂಬ ನಿಯಮವಿದೆ. ಆರನೇ ತರಗತಿಯ ಮಕ್ಕಳಿಗೆ ಅದನ್ನು ತೆರೆದುಕೊಟ್ಟರೆ ಸುಳ್ಳು ವಯಸ್ಸು ಬರೆಯಲು ನಾವೇ ಕಲಿಸಿದಂತೆ. ಶಾಲೆಯ ಖಾತೆಯಲ್ಲೇ ಬರುವ ಗೂಗಲ್ ಚಾಟ್ ಅಥವಾ ಮೈಕ್ರೋಸಾಫ್ಟ್ ಟೀಮ್ಸ್ ಸಾಕು. ಚೆಂದ ಕಾಣದಿದ್ದರೂ ಯಾರು ಒಳಗಿದ್ದಾರೆ ಅನ್ನುವುದು ಶಾಲೆಯ ಕೈಯಲ್ಲಿರುತ್ತದೆ.

ಪೋಷಕರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳೇ. ಹನ್ನೊಂದನೇ ತರಗತಿಯ ಹುಡುಗನೂ ಸೇರಿದಂತೆ.

ದೊಡ್ಡವರಿಗೆ ಎರಡು ಕಟ್ಟುನಿಟ್ಟು. ಯಾವ ಶಿಕ್ಷಕರೂ ಒಂದು ಮಗುವಿನ ಜೊತೆ ಖಾಸಗಿ ಚಾಟ್ ಮಾಡುವಂತಿಲ್ಲ, ಇನ್ನೊಬ್ಬ ದೊಡ್ಡವರು ಅದರಲ್ಲಿ ಇರಲೇಬೇಕು. ಮಕ್ಕಳು ಸೇರುವ ಆನ್‌ಲೈನ್ ಕೋಣೆಗೆ ಹೊರಗಿನ ಅತಿಥಿ ಬರುವುದಾದರೆ ಶಿಕ್ಷಕರು ಕೊನೆಯವರೆಗೂ ಇರಬೇಕು.

ಮಕ್ಕಳ ನಿಯಮಗಳನ್ನು ಅವರ ಕೈಯಲ್ಲೇ ಬರೆಸಿ, ಐದಕ್ಕಿಂತ ಹೆಚ್ಚು ಬೇಡ. ‘ಸ್ಕ್ರೀನ್‌ಶಾಟ್ ತೆಗೆದು ಬೇರೆಯವರಿಗೆ ಕಳಿಸಬಾರದು’ ಅನ್ನುವುದು ಅದರಲ್ಲಿ ಇರಲೇಬೇಕು. ಆನ್‌ಲೈನ್ ಶಾಲೆಯಲ್ಲಿ ಮಕ್ಕಳ ಮನಸ್ಸು ಮುರಿಯುವುದು ಬೈಗುಳಕ್ಕಿಂತ ಹೆಚ್ಚಾಗಿ, ಬಾಯಿ ತೆರೆದ ಕ್ಷಣದಲ್ಲಿ ಹಿಡಿದ ಫೋಟೋದ ಮೇಲೆ ಯಾರೋ ಬರೆದ ಸ್ಟಿಕ್ಕರಿನಿಂದ. ಪೀಡನೆ ಕೈಮೀರಿದರೆ ಯಾರಿಗೆ ಹೇಳಬೇಕು ಅನ್ನುವುದು ಕೋಣೆಯ ಮೇಲ್ಭಾಗದಲ್ಲೇ ಕಾಣಲಿ: ಶಾಲೆಯ ಇಬ್ಬರ ಹೆಸರು, ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿಮಾನಸ್ 14416. ಸೈಬರ್ ವಂಚನೆಗೆ 1930 ಇದೆ, ಅದನ್ನು ಪೋಷಕರಿಗೆ ಕೊಡಿ.

ಹಂತ 3: ಐದು ಜನರ ತಂಡ, ಅರ್ಧ ವರ್ಷ ಬದಲಿಲ್ಲ

ತರಗತಿಯನ್ನು ಐದೈದು ಮಕ್ಕಳ ತಂಡ ಮಾಡಿ. ನಾಲ್ಕಾದರೆ ಒಬ್ಬರ ನೆಟ್ ಹೋಗಿ ಇನ್ನೊಬ್ಬರಿಗೆ ಜ್ವರ ಬಂದಾಗ ಇಬ್ಬರೇ ಉಳಿಯುತ್ತಾರೆ. ಏಳಾದರೆ ಇಬ್ಬರು ಸುಮ್ಮನೆ ಕೂತು ತಪ್ಪಿಸಿಕೊಳ್ಳುತ್ತಾರೆ.

ಪ್ರತಿ ಪೀರಿಯಡ್‌ಗೂ ಬ್ರೇಕ್‌ಔಟ್ ರೂಮನ್ನು (ತರಗತಿಯ ಕರೆಯೊಳಗೇ ತೆರೆಯುವ ಸಣ್ಣ ಕೋಣೆ) ಕಂಪ್ಯೂಟರೇ ಹೇಗೋ ಹಾಗೆ ಹಂಚಿಬಿಡುವುದು ಶಿಕ್ಷಕರಿಗೆ ಸುಲಭ, ಮಕ್ಕಳಿಗೆ ಶಿಕ್ಷೆ. ದಿನಾ ಹೊಸಬರು, ದಿನಾ ‘ಹಾಯ್, ನಿನ್ನ ಹೆಸರೇನು’. ಮುಖ ಪರಿಚಯ ಆಗುವಷ್ಟರಲ್ಲಿ ಕೋಣೆ ಮುಚ್ಚುತ್ತದೆ. ಒಂದೇ ತಂಡ ಅರ್ಧ ವರ್ಷ ಇರಲಿ, ದಸರಾ ರಜೆಯವರೆಗೆ ಅಂತ ಇಟ್ಟುಕೊಳ್ಳಿ.

ಹಂಚುವಾಗ ಹಂತ 1ರ ನಕ್ಷೆ ಎದುರಿಗಿರಲಿ. ಬಾಣ ಬಾರದ ಮಗುವನ್ನು, ಅದು ‘ಮಾತಾಡಬೇಕು’ ಅಂತ ಬರೆದ ಮಗುವಿನ ತಂಡಕ್ಕೆ ಹಾಕಿ. ಬಿಗಿಯಾದ ಮೂವರು ಗೆಳತಿಯರನ್ನು ಒಂದೇ ತಂಡಕ್ಕೆ ಹಾಕಿದರೆ ಉಳಿದ ಇಬ್ಬರು ಹೊರಗಿನವರೇ ಆಗುತ್ತಾರೆ. ಪೂರ್ತಿ ಬೇರೆ ಮಾಡಿದರೆ ಆ ಮೂವರೂ ಮುನಿಸಿಕೊಳ್ಳುತ್ತಾರೆ. ಇಬ್ಬರು ಒಂದು ಕಡೆ, ಒಬ್ಬಳು ಪಕ್ಕದ ತಂಡದಲ್ಲಿ ಇರಲಿ. ಆಮೇಲೆ ಸಮಯ ನೋಡಿ. ಹೊರದೇಶದ ಮಕ್ಕಳಿದ್ದರೆ ಭಾರತದ ಸಂಜೆ 7:30 ಅಂದರೆ ನ್ಯೂಯಾರ್ಕ್‌ನಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ 10, ಚಳಿಗಾಲದಲ್ಲಿ 9. ನವೆಂಬರಿನಲ್ಲಿ ಗಡಿಯಾರ ಬದಲಾದ ವಾರ ಅರ್ಧ ತಂಡ ಬರದೇ ಹೋಗುವುದು ಪ್ರತಿ ವರ್ಷದ ಗೋಳು.

ತಂಡಗಳಿಗೆ ಹೆಸರು ಬೇಕು, ಅದನ್ನು ಅವರೇ ಇಟ್ಟುಕೊಳ್ಳಲಿ. ಐಐಟಿ ಮದ್ರಾಸ್‌ನ ಆನ್‌ಲೈನ್ ಬಿಎಸ್ ಪದವಿಯಲ್ಲಿ ವಿದ್ಯಾರ್ಥಿಗಳನ್ನು ‘ಹೌಸ್’ಗಳಾಗಿ ವಿಂಗಡಿಸಿ ಬಂಡೀಪುರ, ಕಾಜಿರಂಗ, ನೀಲಗಿರಿ, ಸುಂದರಬನ್ ಅಂತ ಕಾಡುಗಳ ಹೆಸರು ಇಟ್ಟಿದ್ದಾರೆ. ಸಾವಿರಾರು ಜನರಿರುವ ಕಡೆ ಅಂಥ ದೊಡ್ಡ ಗುಂಪು ನನ್ನವರು ಅನ್ನುವ ಹೆಮ್ಮೆ ಕೊಡುತ್ತದೆ. ಆದರೆ ಶಾಲೆಯ ಮಗುವಿಗೆ ಮೊದಲು ಬೇಕಾದದ್ದು ಕ್ಲಾಸಿಗೆ ಬರದಿದ್ದಾಗ ‘ಯಾಕೋ ಬರಲಿಲ್ಲ?’ ಅಂತ ಕೇಳುವ ನಾಲ್ಕು ಜನ. ಆ ಕೆಲಸವನ್ನೇ ತಂಡಕ್ಕೆ ವಹಿಸಿಬಿಡಿ. ಗೈರಾದವರಿಗೆ ಅಂದಿನ ಪಾಠ ತಲುಪಿಸುವುದು ತಂಡದ ಜವಾಬ್ದಾರಿ, ಶಿಕ್ಷಕರದಲ್ಲ.

ಹಂತ 4: ಗೇಟು ಹತ್ತು ನಿಮಿಷ ಮುಂಚೆ ತೆರೆಯಲಿ

ಎಲ್ಲ ಹಂತ ಮಾಡಲು ಆಗದವರು ಇದೊಂದನ್ನಾದರೂ ಮಾಡಿ. ಮೊದಲ ಪೀರಿಯಡ್ 9ಕ್ಕೆ ಇದ್ದರೆ ತಂಡದ ಕೋಣೆಗಳು 8:50ಕ್ಕೆ ತೆರೆದಿರಬೇಕು. ಹಾಜರಿ ಇಲ್ಲ, ವಿಷಯ ಇಲ್ಲ, ರೆಕಾರ್ಡಿಂಗ್ ಇಲ್ಲ. ಕಿರಿಯ ಮಕ್ಕಳ ಕೋಣೆಯಲ್ಲಿ ದೊಡ್ಡವರೊಬ್ಬರು ಮೈಕ್ ಆರಿಸಿಕೊಂಡು ತಮ್ಮ ಪಾಡಿಗೆ ಕಾಪಿ ತಿದ್ದುತ್ತಾ ಇರಲಿ. ಎಂಟನೇ ತರಗತಿಯಿಂದ ಮೇಲಿನವರ ಕೋಣೆಗೆ ಆಗಾಗ ಇಣುಕಿ ಹೋದರೆ ಸಾಕು.

ಮೊದಲ ವಾರ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ. 8:50ಕ್ಕೆ ಒಬ್ಬ ಬರುತ್ತಾನೆ. 8:53ಕ್ಕೆ ಇನ್ನೊಬ್ಬಳು. ಇಬ್ಬರ ಕ್ಯಾಮೆರಾವೂ ಆಫ್. ಫ್ಯಾನಿನ ಸದ್ದು, ದೂರದಲ್ಲಿ ಕುಕ್ಕರ್ ಕೂಗಿದ ಸದ್ದು. 8:56ಕ್ಕೆ ಮೂರನೆಯವನು ಬಂದು ‘ಹಲೋ, ಕೇಳಿಸ್ತಿದ್ಯಾ?’ ಅನ್ನುತ್ತಾನೆ. ‘ಹೂಂ’ ಅಂತ ಒಂದು ಉತ್ತರ. ಮತ್ತೆ ಮೌನ. ಈ ಮೌನವನ್ನು ತುಂಬಲು ಶಿಕ್ಷಕರು ಬಾಯಿ ಹಾಕುತ್ತಾರೆ, ಅಲ್ಲಿಗೆ ಅದೂ ಒಂದು ಪೀರಿಯಡ್ ಆಗಿಬಿಡುತ್ತದೆ. ಬಾಯಿ ಹಾಕಬೇಡಿ. ಎರಡನೇ ವಾರದ ಹೊತ್ತಿಗೆ ‘ನಿಮ್ಮನೇಲಿ ಏನು ಆ ಸದ್ದು?’ ಅನ್ನುವ ಪ್ರಶ್ನೆ ಬರುತ್ತದೆ. ಕುಕ್ಕರಿನಿಂದ ತಿಂಡಿಗೆ, ತಿಂಡಿಯಿಂದ ‘ನಮ್ಮಲ್ಲಿ ದಿನಾ ರೊಟ್ಟಿ’ ಅನ್ನುವಲ್ಲಿಗೆ ಮಾತು ಹೋಗುತ್ತದೆ. ಕಲಬುರಗಿಯ ಹುಡುಗ ‘ಯಾಕ್ ಬಂದಿಲ್ಲಪಾ ನೀ’ ಅಂದದ್ದನ್ನು ಮಂಡ್ಯದ ಹುಡುಗಿ ಅಣಕಿಸಿದಾಗ ಮೊದಲ ಜಗಳವೂ ಆಗುತ್ತದೆ. ಅದು ತಮಾಷೆಯೋ ಗೇಲಿಯೋ ಅನ್ನುವುದನ್ನು ಮಾತ್ರ ಕಿವಿಗೊಟ್ಟು ಕೇಳಿ.

ನೆಪ ಬೇಕೇಬೇಕಾದರೆ ಕೋಣೆಯ ಬೋರ್ಡಿನಲ್ಲಿ ಒಂದು ಸಾಲು ಬರೆದಿಡಿ: ‘ಇವತ್ತು ನಿಮ್ಮ ಕಿಟಕಿಯಿಂದ ಏನು ಕಾಣಿಸುತ್ತೆ?’ ಉತ್ತರ ಕೊಡಲೇಬೇಕೆಂದಿಲ್ಲ. ‘ನಿಮ್ಮ ಬಗ್ಗೆ ಮೂರು ಸಂಗತಿ ಹೇಳಿ’ ಎಂಬ ಸಂದರ್ಶನದ ಪ್ರಶ್ನೆಗಳು ನಾಚಿಕೆಯ ಮಕ್ಕಳ ಬಾಯಿ ಇನ್ನಷ್ಟು ಕಟ್ಟುತ್ತವೆ.

ಕ್ಯಾಮೆರಾ ಆನ್ ಮಾಡಿ ಅಂತ ಒತ್ತಾಯ ಬೇಡ. ಒಂದೇ ಕೋಣೆಯ ಮನೆಯಲ್ಲಿ ಹಿಂದೆ ಅಜ್ಜಿ ಮಲಗಿರುತ್ತಾರೆ, ತಮ್ಮ ಬಟ್ಟೆಯಿಲ್ಲದೆ ಓಡಾಡುತ್ತಿರುತ್ತಾನೆ. ಅದೂ ಅಲ್ಲದೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೋ ಕರೆಯ ದಣಿವಿಗೆ ಕೊಟ್ಟ ಕಾರಣಗಳಲ್ಲಿ ಒಂದು, ಹೊತ್ತು ಪೂರ್ತಿ ನಮ್ಮ ಮುಖ ನಮಗೇ ಕಾಣುತ್ತಿರುವುದು. ಹದಿಮೂರು ವರ್ಷದವರಿಗೆ ಮೊಡವೆಯ ಕಾಲದಲ್ಲಿ ಇದು ಎಂಥ ಹಿಂಸೆ ಅಂತ ಯೋಚಿಸಿ. ತಮ್ಮ ಚಿತ್ರ ತಮಗೆ ಕಾಣದಂತೆ ಮುಚ್ಚುವ ಆಯ್ಕೆ ಬಹುತೇಕ ಎಲ್ಲ ಆ್ಯಪ್‌ಗಳಲ್ಲೂ ಇದೆ, ಅದನ್ನು ಕಲಿಸಿಕೊಡಿ. ನೆಟ್ ದುರ್ಬಲವಿದ್ದವರು ಧ್ವನಿಯಲ್ಲಿ ಮಾತ್ರ ಇರಲಿ. ಅಲಿಸ್ ಸ್ಪ್ರಿಂಗ್ಸ್‌ನ ಮಕ್ಕಳು ದಶಕಗಳ ಕಾಲ ಬರೀ ಧ್ವನಿಯಲ್ಲೇ ಓದಿದವರು.

ಕೊನೆಯ ಪೀರಿಯಡ್ ಆದ ಮೇಲೂ ಹತ್ತು ನಿಮಿಷ ಲಿಂಕ್ ಮುಚ್ಚಬೇಡಿ. ‘ಎಂಡ್ ಮೀಟಿಂಗ್’ ಒತ್ತಿ ಎಲ್ಲರನ್ನೂ ಒಂದೇ ಏಟಿಗೆ ಹೊರಹಾಕುವುದು ಆನ್‌ಲೈನ್ ಶಾಲೆಯ ಅತಿ ಒರಟು ಅಭ್ಯಾಸ.

ಹಂತ 5: ಒಬ್ಬರಿಲ್ಲದೆ ಮುಗಿಯದ ಕೆಲಸ ಕೊಡಿ

ಗುಂಪು ಪ್ರಾಜೆಕ್ಟ್ ಅಂದರೆ ಸಾಮಾನ್ಯವಾಗಿ ಒಬ್ಬಳು ಮಾಡುತ್ತಾಳೆ, ನಾಲ್ವರು ಹೆಸರು ಹಾಕುತ್ತಾರೆ. ಅದರಿಂದ ಬೆಳೆಯುವುದು ಅಸಮಾಧಾನ. ಇದಕ್ಕೆ ಹಳೆಯ, ಪಳಗಿದ ಉಪಾಯವೊಂದಿದೆ. 1971ರಲ್ಲಿ ಅಮೆರಿಕದ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಸಲ ಒಂದೇ ತರಗತಿಗೆ ಬಂದು ಹೊಡೆದಾಟ ಶುರುವಾದಾಗ ಮನಃಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು ರೂಪಿಸಿದ ‘ಜಿಗ್‌ಸಾ’ ವಿಧಾನ ಅದು. ಪಾಠವನ್ನು ತುಂಡು ಮಾಡಿ, ಒಬ್ಬೊಬ್ಬರಿಗೆ ಒಂದೊಂದೇ ತುಂಡು ಕೊಡುವುದು. ಇನ್ನೊಬ್ಬರ ತುಂಡು ಬೇಕಾದರೆ ಅವರ ಮಾತು ಕೇಳದೆ ದಾರಿಯಿಲ್ಲ.

ಕಾವೇರಿ ನದಿಯ ಪಾಠವನ್ನೇ ತೆಗೆದುಕೊಳ್ಳಿ. ಐದು ಮಕ್ಕಳು, ಐದು ತುಂಡು. ಒಬ್ಬನಿಗೆ ತಲಕಾವೇರಿಯಿಂದ ಕೊಡಗಿನ ಹರಿವು ಮತ್ತು ಉಪನದಿಗಳು. ಒಬ್ಬಳಿಗೆ 1911ರಲ್ಲಿ ಕಟ್ಟಲು ಶುರುವಾದ ಕನ್ನಂಬಾಡಿ ಕಟ್ಟೆ. ಇನ್ನೊಬ್ಬನಿಗೆ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್. ನಾಲ್ಕನೆಯವಳಿಗೆ 1924ರ ಒಪ್ಪಂದದಿಂದ 2018ರ ಸುಪ್ರೀಂ ಕೋರ್ಟ್ ತೀರ್ಪಿನವರೆಗಿನ ನೀರಿನ ವ್ಯಾಜ್ಯ. ಐದನೆಯವನಿಗೆ ತಂಜಾವೂರಿನ ಮುಖಜಭೂಮಿ. ಮೊದಲು ಬೇರೆ ಬೇರೆ ತಂಡಗಳಲ್ಲಿ ಒಂದೇ ತುಂಡು ಸಿಕ್ಕವರೆಲ್ಲ ಒಂದು ಕೋಣೆಯಲ್ಲಿ ಸೇರಿ ಇಪ್ಪತ್ತು ನಿಮಿಷ ತಯಾರಾಗಲಿ. ಇದರಿಂದ ತಂಡದ ಹೊರಗೂ ಪರಿಚಯವಾಗುತ್ತದೆ. ಆಮೇಲೆ ತಮ್ಮ ತಂಡಕ್ಕೆ ವಾಪಸಾಗಿ ಒಬ್ಬೊಬ್ಬರೂ ಐದು ನಿಮಿಷ ಕಲಿಸಲಿ. ಕೊನೆಗೆ ಎಲ್ಲರಿಗೂ ಎಲ್ಲ ತುಂಡಿನ ಮೇಲೂ ಕಿರುಪರೀಕ್ಷೆ, ಅಂಕ ಮಾತ್ರ ಅವರವರದೇ. ಗುಂಪಿಗೆ ಒಂದೇ ಅಂಕ ಕೊಟ್ಟಿರೋ, ನಿಧಾನವಾಗಿ ಹೇಳುವ ಮಗುವಿನ ಮೇಲೆ ಎಲ್ಲರೂ ಸಿಡುಕುತ್ತಾರೆ.

ತೊದಲುವ, ಅಳುಕುವ ಮಗುವಿಗೆ ಐದು ನಿಮಿಷ ಬಾಯಲ್ಲಿ ಹೇಳುವುದು ಕಷ್ಟವಾದರೆ ಹಿಂದಿನ ದಿನವೇ ವಾಯ್ಸ್ ನೋಟ್ ಮಾಡಿ ತರಲಿ, ಚಿತ್ರ ಬರೆದು ತೋರಿಸಲಿ. ತಿಂಗಳಿಗೆ ಎರಡು ಪಾಠ ಹೀಗೆ ಮಾಡಿದರೆ ಸಾಕು. ಎಲ್ಲ ಪಾಠವನ್ನೂ ತುಂಡು ಮಾಡಿದರೆ ಪೋಷಕರು ‘ಮೇಷ್ಟ್ರು ಪಾಠವೇ ಮಾಡಲ್ಲ’ ಅನ್ನಲು ಶುರುಮಾಡುತ್ತಾರೆ, ಅದರಲ್ಲಿ ಸತ್ಯವೂ ಇರುತ್ತದೆ.

ಹಂತ 6: ಕ್ಲಬ್ಬುಗಳು ಮಕ್ಕಳ ಕೈಯಲ್ಲಿ

ಮಕ್ಕಳೇ ಕೇಳಿದ, ಮಕ್ಕಳೇ ನಡೆಸುವ ಕ್ಲಬ್ಬುಗಳು ಮಾತ್ರ ಎರಡು ತಿಂಗಳು ದಾಟುತ್ತವೆ. ಮೂವರು ಕೇಳಿದರೆ ಸಾಕು, ಕೋಣೆ ಮತ್ತು ವಾರಕ್ಕೆ ಒಂದು ಗಂಟೆ ಕೊಡಿ. ಬರುವವರು ಬರದಂತಾದರೆ ಆ ಕ್ಲಬ್ಬನ್ನು ಸಾಯಲು ಬಿಡಿ.

ಚೆಸ್‌ಗೆ ಲಿಚೆಸ್ ಎಂಬ ಜಾಲತಾಣ ಇದೆ, ದುಡ್ಡಿಲ್ಲ, ಜಾಹೀರಾತೂ ಇಲ್ಲ. ಆದರೆ ನನ್ನ ಮೆಚ್ಚಿನದು ಅಳಗುಳಿ ಮಣೆ. ಎರಡೂ ಮನೆಗಳಲ್ಲಿ ಒಂದೊಂದು ಮಣೆ ಇರಬೇಕು. ಇಲ್ಲದವರು ಮೊಟ್ಟೆಯ ಟ್ರೇ ಕತ್ತರಿಸಿ ಹದಿನಾಲ್ಕು ಗುಳಿ ಮಾಡಿಕೊಳ್ಳಬಹುದು. ಹುಣಸೆಬೀಜ ಹಾಕಿ, ಫೋನನ್ನು ಮಣೆಯ ಮೇಲೆ ಬಗ್ಗಿಸಿ ಇಟ್ಟು, ‘ಮೂರನೇ ಗುಳಿ ಎತ್ತಿದೆ’ ಅಂತ ಕೂಗಿದರೆ ಎದುರಿನವಳು ತನ್ನ ಮಣೆಯಲ್ಲೂ ಅದೇ ಆಟ ಆಡಬೇಕು. ಹತ್ತು ನಿಮಿಷದಲ್ಲಿ ಎರಡು ಮಣೆಯ ಲೆಕ್ಕ ತಾಳೆಯಾಗುವುದಿಲ್ಲ. ‘ನೀನು ಒಂದು ಬೀಜ ಕದ್ದೆ!’ ಅಂತ ಶುರುವಾಗುವ ವಾದಕ್ಕೆ ಯಾವ ಐಸ್‌ಬ್ರೇಕರ್ ಆಟವೂ ಸಮವಲ್ಲ.

ದೂರ ದೂರದ ಊರುಗಳಲ್ಲಿ ಇರುವುದೇ ಅನುಕೂಲವಾಗುವ ಕೆಲಸಗಳೂ ಇವೆ. ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ದೇಶದ ಮಕ್ಕಳು, ದೊಡ್ಡವರು ತಮ್ಮ ಮನೆಯ ಹತ್ತಿರದ ಒಂದು ಮರವನ್ನು ಆರಿಸಿಕೊಂಡು ಅದರ ಚಿಗುರು, ಹೂ, ಕಾಯಿಯನ್ನು ದಾಖಲಿಸುತ್ತಾರೆ. ಕಾರವಾರದ ಮಾವು ಯಾವಾಗ ಹೂ ಬಿಟ್ಟಿತು, ಚಿಂತಾಮಣಿಯದು ಯಾವಾಗ ಅಂತ ಹೋಲಿಸಲು ಒಂದೇ ಊರಿನ ಶಾಲೆಗೆ ಆಗದು, ನಿಮಗೆ ಆಗುತ್ತದೆ. ಜಪಾನಿನಲ್ಲಿ 2016ರಲ್ಲಿ ಶುರುವಾದ ಎನ್ ಹೈಸ್ಕೂಲ್ ಎಂಬ ಆನ್‌ಲೈನ್ ಶಾಲೆ ತನ್ನ ಶಾಲಾ ಪ್ರವಾಸವನ್ನೇ ಒಂದು ವಿಡಿಯೋ ಗೇಮ್‌ನೊಳಗೆ ನಡೆಸಿತ್ತು. ನಮ್ಮವರಿಗೆ ಕೇಳಲು ವಿಚಿತ್ರ. ಆದರೆ ಮಕ್ಕಳು ಹೇಗೂ ಇರುವ ಕಡೆಗೆ ಶಾಲೆ ಹೋಗುವುದರಲ್ಲಿ ತಪ್ಪೇನಿದೆ?

ಹಂತ 7: ವರ್ಷಕ್ಕೆ ಒಮ್ಮೆಯಾದರೂ ಮುಖಾಮುಖಿ

ಪರದೆಯ ಮೇಲಿನ ಗೆಳೆತನ ಸುಳ್ಳಲ್ಲ. ಆದರೂ ಅಲಿಸ್ ಸ್ಪ್ರಿಂಗ್ಸ್ ಮಕ್ಕಳನ್ನು ಊರಿಗೆ ಕರೆಸುವುದು, ಐಐಟಿ ಮದ್ರಾಸ್‌ನ ಆನ್‌ಲೈನ್ ವಿದ್ಯಾರ್ಥಿಗಳು ‘ಪ್ಯಾರಡಾಕ್ಸ್’ ಉತ್ಸವಕ್ಕೆ ಚೆನ್ನೈ ಕ್ಯಾಂಪಸ್ಸಿಗೆ ಬಂದು ಸೇರುವುದು ಸುಮ್ಮನೆ ಅಲ್ಲ. ನಮ್ಮಲ್ಲೇ 2020ರಲ್ಲಿ ಶಾಲೆ ಮುಚ್ಚಿದಾಗ ಸರ್ಕಾರಿ ಶಾಲೆಯ ಶಿಕ್ಷಕರು ‘ವಿದ್ಯಾಗಮ’ದಲ್ಲಿ ದೇವಸ್ಥಾನದ ಜಗುಲಿ, ಸಮುದಾಯ ಭವನ, ಮರದ ನೆರಳಿನಲ್ಲಿ ಸಣ್ಣ ಸಣ್ಣ ಗುಂಪು ಕೂಡಿಸಿದ್ದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಹತ್ತಿರದ ಮಕ್ಕಳನ್ನು ಹತ್ತಿರದ ಜಾಗದಲ್ಲೇ ಸೇರಿಸುವ ಆ ಯೋಚನೆ ಮಾತ್ರ ಈಗಲೂ ಒಳ್ಳೆಯದೇ.

ಮಕ್ಕಳ ಪಿನ್‌ಕೋಡ್ ತೆಗೆದುಕೊಂಡು ಒಂದೆರಡು ಗಂಟೆ ಪ್ರಯಾಣದೊಳಗಿನವರನ್ನು ಗುಂಪು ಮಾಡಿ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕ್ ಅಥವಾ ವಿಶ್ವೇಶ್ವರಯ್ಯ ಮ್ಯೂಸಿಯಂ, ಮೈಸೂರಿನವರಿಗೆ ಮೃಗಾಲಯ, ಮಂಗಳೂರಿನವರಿಗೆ ಪಿಲಿಕುಳ. ರೆಸಾರ್ಟ್ ಬೇಡ. ಖರ್ಚು ಕೊಡಲಾಗದ ಮನೆಯವರು ನೆಪ ಹೇಳಿ ಹಿಂದೆ ಸರಿಯುತ್ತಾರೆ, ಯಾಕೆಂದು ನಿಮಗೆ ಗೊತ್ತೂ ಆಗುವುದಿಲ್ಲ. ಮನೆಯ ಬುತ್ತಿ, ಸಿಟಿ ಬಸ್ಸು ಸಾಕು.

ಮೊದಲ ಭೇಟಿಯ ಮೊದಲ ಅರ್ಧ ಗಂಟೆ ಬಿಕ್ಕಟ್ಟಿನದು. ಚಾಟ್‌ನಲ್ಲಿ ಬಾಯಿ ಮುಚ್ಚದವರು ಎದುರಿಗೆ ಬಂದಾಗ ಅಪ್ಪನ ಹಿಂದೆ ನಿಲ್ಲುತ್ತಾರೆ. ‘ಅಯ್ಯೋ, ನೀನು ಇಷ್ಟು ಎತ್ತರ ಇದ್ದೀಯಾ!’ ಅನ್ನುವುದು ಬಿಟ್ಟರೆ ಮಾತು ಹೊರಡದು. ಆಗ ಅವರನ್ನು ವೃತ್ತದಲ್ಲಿ ಕೂರಿಸಿ ಪರಿಚಯ ಹೇಳಿಸಬೇಡಿ. ಕೈಗೆ ಕೆಲಸ ಕೊಡಿ: ಚುರುಮುರಿಗೆ ಈರುಳ್ಳಿ ಹೆಚ್ಚುವುದು, ಗಾಳಿಪಟ ಕಟ್ಟುವುದು, ಪಟ್ಟಿ ಹಿಡಿದು ಹತ್ತು ಮರ ಹುಡುಕುವುದು. ಕಣ್ಣು ಕೈಯ ಮೇಲಿದ್ದಾಗ ಬಾಯಿ ತಾನಾಗಿ ತೆರೆಯುತ್ತದೆ. ಊಟದ ಹೊತ್ತಿಗೆ ಪೋಷಕರು ದೂರ ಸರಿದು ಬೇರೆ ಕೂರಲಿ.

ಬರಲಾಗದ ಮಗುವಿಗೆ ಅಂದು ತಂಡದವರೆಲ್ಲ ಸೇರಿ ಒಂದು ಅಂಚೆ ಕಾರ್ಡ್ ಬರೆಯಲಿ, ಶಾಲೆಯೇ ವಿಳಾಸ ಹಾಕಿ ಕಳಿಸಲಿ. ಮಕ್ಕಳ ವಿಳಾಸಗಳನ್ನು ಪರಸ್ಪರ ಹಂಚಬೇಡಿ. ಫೋನಿನಲ್ಲಿ ದಿನಾ ನೂರು ಮೆಸೇಜ್ ನೋಡುವ ಮಗುವಿಗೆ ತನ್ನ ಹೆಸರಿಗೆ ಪೋಸ್ಟ್‌ಮ್ಯಾನ್ ಬರುವುದು ದೊಡ್ಡ ಘಟನೆ.

ಹಂತ 8: ಪೋಷಕರಿಗೆ ಎರಡು ಮಾತು

ಒಂದು, ಹಿಂದಿನಿಂದ ಉತ್ತರ ಹೇಳಿಕೊಡಬೇಡಿ. ‘ಹೇಳು, ಹೇಳು, ಚೆನ್ನಾಗಿದೀನಿ ಅನ್ನು’ ಅಂತ ಪಿಸುಗುಟ್ಟುವ ಅಮ್ಮನ ದನಿ ಎಲ್ಲರಿಗೂ ಕೇಳಿಸುತ್ತದೆ, ಮಗುವಿಗೆ ಮುಖ ಎತ್ತಲಾಗದಂತಾಗುತ್ತದೆ. ಬೆಳಗಿನ ಹತ್ತು ನಿಮಿಷದಲ್ಲಿ ಮಗುವಿಗೆ ಇಯರ್‌ಫೋನ್ ಕೊಟ್ಟು, ಅವನು ಕಣ್ಣಳತೆಯಲ್ಲಿ ಇರುವಂತೆ ನೋಡಿಕೊಂಡು ನಿಮ್ಮ ಕೆಲಸ ಮಾಡಿ.

ಎರಡು, ಆನ್‌ಲೈನ್ ಗೆಳೆಯರಿದ್ದಾರೆ ಅಂತ ಬೀದಿಯ ಗೆಳೆಯರನ್ನು ಬಿಡಿಸಬೇಡಿ. ಆನ್‌ಲೈನ್ ಶಾಲೆಯ ಮಗು ಪಕ್ಕದ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಬಿಡುವಾಗಿರಬೇಕು. ಸಂಜೆ 4:30ರಿಂದ 6:30ರವರೆಗೆ ಟ್ಯೂಷನ್, ಕೋಡಿಂಗ್, ಕೀಬೋರ್ಡ್ ಕ್ಲಾಸ್ ತುಂಬಿಸಿದರೆ ಅವನಿಗೆ ಸಿಗಬಹುದಾದ ಕ್ರಿಕೆಟ್ ತಂಡವೂ ಕೈತಪ್ಪುತ್ತದೆ. ಗ್ರಂಥಾಲಯ, ಯಕ್ಷಗಾನದ ತರಗತಿ, ಖೋ ಖೋ ಕ್ಲಬ್, ಏನಾದರೂ ಒಂದು ಮನೆಯ ಹೊರಗಿರಲಿ.

ಎಷ್ಟು ಕಾಲ ಬೇಕು, ಹೇಗೆ ಗೊತ್ತಾಗುತ್ತದೆ

ಅಮೆರಿಕದ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಆಪ್ತ ಗೆಳೆತನಕ್ಕೆ 200 ಗಂಟೆಗೂ ಹೆಚ್ಚು ಒಟ್ಟಿಗೆ ಕಳೆಯಬೇಕಾಗುತ್ತದೆ. ಅದು ವಯಸ್ಕರ ಮೇಲಿನ ಅಧ್ಯಯನ, ಮಕ್ಕಳು ಬೇಗ ಬೆರೆಯಬಹುದು. ಆದರೂ ಲೆಕ್ಕ ಹಾಕಿ ನೋಡಿ: ವಾರಕ್ಕೆ ಐದು ದಿನ ಬೆಳಗಿನ ಹತ್ತು ನಿಮಿಷ, ಒಂದು ಗಂಟೆ ಕ್ಲಬ್, ಎರಡೂ ಸೇರಿ 110 ನಿಮಿಷ. 36 ವಾರದ ಶಾಲಾ ವರ್ಷಕ್ಕೆ 66 ಗಂಟೆ. ಅಂದರೆ ಎಲ್ಲವೂ ಸರಿಯಾಗಿ ನಡೆದರೆ ವರ್ಷದ ಕೊನೆಗೆ ಸಾಧಾರಣ ಗೆಳೆತನ. ಎರಡನೇ ವಾರಕ್ಕೇ ‘ಏನೂ ಆಗ್ತಿಲ್ಲ’ ಅಂತ ಕೈಬಿಡುವ ಶಾಲಾ ಮಂಡಳಿಗೆ ಈ ಲೆಕ್ಕ ತೋರಿಸಿ.

ಎಂಟು ಹತ್ತು ವಾರದ ನಂತರ ಅದೇ ಮೂರು ಪ್ರಶ್ನೆ ಮತ್ತೆ ಕೇಳಿ ಹೊಸ ನಕ್ಷೆ ಬರೆಯಿರಿ. ಬಾಣಗಳ ಒಟ್ಟು ಸಂಖ್ಯೆ ಎಷ್ಟು ಏರಿತು ಅನ್ನುವುದು ಅಷ್ಟು ಮುಖ್ಯವಲ್ಲ. ಖಾಲಿ ಇದ್ದ ಚುಕ್ಕಿಗಳಿಗೆ ಒಂದಾದರೂ ಬಾಣ ಬಂದಿದೆಯೇ ನೋಡಿ. ಇನ್ನೂ ಬಾರದವರನ್ನು ದಸರಾ ನಂತರದ ತಂಡ ಬದಲಾವಣೆಯಲ್ಲಿ ಬೇರೆ ಕಡೆ ಹಾಕಿ. ಒಂದೊಂದು ಮಗುವಿಗೆ ಒಬ್ಬನೇ ಗೆಳೆಯ ಸಾಕಾಗಿರುತ್ತದೆ, ಅವನಿಗೆ ಒಬ್ಬ ಸಿಕ್ಕಿದ್ದರೆ ಎಳೆದಾಡಬೇಡಿ. ವರ್ಷದ ನಡುವೆ ಸೇರಿದ ಮಗುವನ್ನು ಮೊದಲ ದಿನವೇ ಇಡೀ ತರಗತಿಗೆ ಪರಿಚಯಿಸುವ ಬದಲು ಒಂದು ತಂಡದ 8:50ರ ಕೋಣೆಗೆ ಬಿಡಿ.

ಬೇಸಿಗೆ ರಜೆ ಬಂದಾಗ ಕೋಣೆಗಳಿಗೆ ಬೀಗ ಹಾಕುವ ರೂಢಿ ಇದೆ. ವಾರಕ್ಕೊಂದು ಸಂಜೆ, ಒಬ್ಬ ಶಿಕ್ಷಕರ ಪಾಳಿಯಲ್ಲಿ ಅದನ್ನು ತೆರೆದಿಡಿ. ಪಾಳಿಯ ಪಟ್ಟಿಯನ್ನು ಮಾರ್ಚ್‌ನಲ್ಲೇ ಮಾಡಿಕೊಳ್ಳಿ, ಏಪ್ರಿಲ್ ಬಂದರೆ ಶಿಕ್ಷಕರೂ ಊರಿಗೆ ಹೊರಟಿರುತ್ತಾರೆ.